ಗೆರೆಗೆ ಸಿಕ್ಕ ಗುಡಿ, ಸಿಗದೆ ಹೋದ ಪೇಟೆ

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟ ರೈಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಒಂದಾದ ಮೇಲೊಂದರಂತೆ ದಾಟಿ, ತುಂಗಭದ್ರೆಯ ಸೇತುವೆಯ ಮೇಲೆ ಸಾಗಿ ಹರಿಹರ ಸೇರುತ್ತದೆ. ಈ ಮೂರು ಊರುಗಳಿಗೂ ಮೂರು ಗುರುತುಗಳಿವೆ. ಹಾವೇರಿ ಎಂದರೆ ಏಲಕ್ಕಿ ಮಾಲೆ ಮತ್ತು ಪುರದ ಸಿದ್ಧೇಶ್ವರನ ಗುಡಿ. ಬ್ಯಾಡಗಿ ಎಂದರೆ ಮೆಣಸಿನಕಾಯಿ. ರಾಣೆಬೆನ್ನೂರು ಎಂದರೆ ಬೀಜದ ವ್ಯಾಪಾರ ಮತ್ತು ಊರಾಚೆಯ ಕೃಷ್ಣಮೃಗಗಳು. ಇವುಗಳಲ್ಲಿ ಗುಡಿ ನೂರೈವತ್ತು ವರ್ಷಗಳ ಹಿಂದೆ ಹೇಗಿತ್ತು ಎಂದು ತಿಳಿಯಬೇಕಾದರೆ ದೊಡ್ಡ ಗ್ರಂಥಾಲಯವೊಂದರಲ್ಲಿ ಅರ್ಧ ದಿನ ಕುಳಿತರೆ ಸಾಕು. ಛಾಯಾಚಿತ್ರ, ತಳವಿನ್ಯಾಸದ ನಕ್ಷೆ, ಕಂಬದ ಅಳತೆ, ಎಲ್ಲವೂ ಸಿಗುತ್ತವೆ. ಆದರೆ ಅದೇ ಕಾಲದ ಮೆಣಸಿನಕಾಯಿ ಪೇಟೆ ಹೇಗಿತ್ತು? ಅಂಗಡಿಯ ಕಟ್ಟೆ ಎಷ್ಟು ಎತ್ತರವಿತ್ತು? ಚೀಲ ಹೊರುವ ಹಮಾಲ ತಲೆಗೆ ಏನು ಸುತ್ತಿಕೊಳ್ಳುತ್ತಿದ್ದ? ಈ ಪ್ರಶ್ನೆಗಳಿಗೆ ಉತ್ತರ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಕಾರಣ ಸರಳವಾಗಿದೆ. ಗುಡಿಯ ಎದುರು ಕುಳಿತು ಗೆರೆ ಎಳೆದವರಿದ್ದರು, ಪೇಟೆಯಲ್ಲಿ ಕುಳಿತು ಎಳೆದವರು ವಿರಳ. ಈಚಿನ ವರ್ಷಗಳಲ್ಲಿ ನಗರಗಳ ಚಿತ್ರಕಲಾವಿದರು ರಜೆಯ ದಿನ ಗೆಳೆಯರೊಂದಿಗೆ ಸ್ಕೆಚ್ ಪುಸ್ತಕ ಹಿಡಿದು ಬೀದಿ, ಪ್ರದರ್ಶನ, ಸಂತೆಗಳಲ್ಲಿ ಕುಳಿತು ಚಿತ್ರ ಬಿಡಿಸುವುದನ್ನು ಕಾಣುತ್ತೇವೆ. ನೋಡುವವರಿಗೆ ಅದೊಂದು ಹವ್ಯಾಸ. ಆದರೆ ಕಣ್ಣೆದುರಿನದನ್ನು ಸ್ಥಳದಲ್ಲೇ ಬರೆದಿಡುವ ಈ ಕೆಲಸಕ್ಕೆ ದೀರ್ಘ ಇತಿಹಾಸವಿದೆ. ಆ ಇತಿಹಾಸದ ಒಂದು ಎಳೆ ಹಾವೇರಿ ಸೀಮೆಯ ಮೂಲಕವೇ ಹಾದುಹೋಗಿದೆ.

ಬಳಪದ ಕಲ್ಲಿನ ಮೇಲೆ

ಹಾವೇರಿಯ ಸಿದ್ಧೇಶ್ವರ ದೇವಾಲಯ ಕಲ್ಯಾಣದ ಚಾಲುಕ್ಯರ ಕಾಲದ್ದು. ಗುಡಿಗಳ ಮುಖ ಸಾಮಾನ್ಯವಾಗಿ ಮೂಡಣಕ್ಕಿದ್ದರೆ ಇದರ ಮುಖ ಪಡುವಣಕ್ಕೆ. ಕಟ್ಟಿದ ಕಲ್ಲನ್ನು ನಮ್ಮ ಜನ ಬಳಪದ ಕಲ್ಲು ಎನ್ನುತ್ತಾರೆ. ಮಕ್ಕಳು ಪಾಟಿಯ ಮೇಲೆ ‘ಅ ಆ ಇ ಈ’ ತಿದ್ದಿದ ಬಳಪದ ಹೆಸರೇ ಈ ಕಲ್ಲಿಗೂ ಬಂದಿದೆ. ಗಣಿಯಿಂದ ತೆಗೆದಾಗ ಮೆದು, ಗಾಳಿ ಬಿಸಿಲಿಗೆ ಗಟ್ಟಿ. ಆದ್ದರಿಂದಲೇ ಶಿಲ್ಪಿಗಳು ಗೋಡೆಯ ಮೇಲೆ ಪುಟ್ಟ ಪುಟ್ಟ ಗೋಪುರಗಳನ್ನು, ಮಣಿಮಾಲೆಗಳನ್ನು, ಎಳೆಎಳೆಯಾದ ಬಳ್ಳಿಗಳನ್ನು ಕಡೆಯಲು ಸಾಧ್ಯವಾಯಿತು.

ಇಷ್ಟು ಜಟಿಲವಾದ ಕಟ್ಟಡವನ್ನು ಗೆರೆಯ ನೆರವಿಲ್ಲದೆ ಎಬ್ಬಿಸುವುದು ಸಾಧ್ಯವಿರಲಿಲ್ಲ. ಮಧ್ಯಪ್ರದೇಶದ ಭೋಜಪುರದಲ್ಲಿ ಅಪೂರ್ಣವಾಗಿ ಉಳಿದ ಹನ್ನೊಂದನೆಯ ಶತಮಾನದ ಶಿವಾಲಯದ ಸುತ್ತಲಿನ ಬಂಡೆಗಳ ಮೇಲೆ ಕಂಬ, ಶಿಖರ, ತಳವಿನ್ಯಾಸಗಳ ನಕ್ಷೆಗಳನ್ನು ಕೊರೆದಿರುವುದು ಇಂದಿಗೂ ಕಾಣುತ್ತದೆ. ನಮ್ಮ ಸೀಮೆಯ ಶಿಲ್ಪಿಗಳೂ ಕಲ್ಲಿನ ಮೇಲೆ ಮೊದಲು ಗೆರೆ ಎಳೆದುಕೊಂಡೇ ಉಳಿಗೆ ಕೈ ಹಾಕಿರಬೇಕು. ಉಳಿಯ ಏಟಿಗೆ ಆ ಗೆರೆ ಅಳಿಸಿಹೋಗುತ್ತದೆ. ಗುಡಿ ನಿಂತ ಮೇಲೆ ಗೆರೆಯ ನೆನಪು ಯಾರಿಗೂ ಉಳಿಯುವುದಿಲ್ಲ.

ಪೆನ್ಸಿಲ್ಲಿಗೆ ಬದಲು ಕ್ಯಾಮೆರಾ

ಅಂಥ ಗುಡಿಗಳನ್ನು ಮತ್ತೆ ಕಾಗದದ ಮೇಲಿನ ಗೆರೆಗಿಳಿಸುವ ಕೆಲಸ ಶುರುವಾದದ್ದು ಕಂಪನಿ ಸರಕಾರದ ಕಾಲದಲ್ಲಿ. ಪುರಾತನ ಕಟ್ಟಡಗಳ ದಾಖಲೆ ಬೇಕೆಂದು ಕಂಪನಿಯವರು ನಕ್ಷೆಗಾರರನ್ನು, ಚಿತ್ರಕಾರರನ್ನು ನೇಮಿಸುತ್ತಿದ್ದರು. ಕೆಲಸ ನಿಧಾನ, ಖರ್ಚು ಹೆಚ್ಚು. ಅಷ್ಟರಲ್ಲಿ ಛಾಯಾಚಿತ್ರ ಕಲೆ ಬಂತು. 1850ರ ದಶಕದ ಮಧ್ಯದಲ್ಲಿ ಲಂಡನ್ನಿನ ನಿರ್ದೇಶಕ ಮಂಡಳಿಯು ಚಿತ್ರಕಾರರಿಗಿಂತ ಕ್ಯಾಮೆರಾ ಅಗ್ಗವೆಂದು ಮನಗಂಡಿತು. 1855ರಲ್ಲಿ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿ ಮುಂಬೈ ಸರಕಾರದ ಛಾಯಾಗ್ರಾಹಕರಾದರು. ಅವರ ನಂತರ ಆ ಹೊಣೆ ಪಿಗೌ ಎಂಬ ವೈದ್ಯರಿಗೆ ಬಂತು. ಹಾವೇರಿಯೂ ಸೇರಿದಂತೆ ಧಾರವಾಡ ಸೀಮೆಯ ಗುಡಿಗಳ ಎದುರು ಕ್ಯಾಮೆರಾ ನಿಂತದ್ದು ಹೀಗೆ. ಇವರ ಚಿತ್ರಗಳನ್ನೊಳಗೊಂಡ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದಕ್ಕೆ ವಿವರಣೆ ಬರೆದವರಲ್ಲಿ ಒಬ್ಬರು, ಸುರಪುರದ ಸಂಬಂಧದಿಂದ ಕನ್ನಡಿಗರಿಗೆ ಪರಿಚಿತರಾದ ಮೆಡೋಸ್ ಟೇಲರ್. ಇನ್ನೊಬ್ಬರು ಜೇಮ್ಸ್ ಫರ್ಗುಸನ್. ಅವರು ನೀಲಿ ವ್ಯಾಪಾರಕ್ಕೆಂದು ಭಾರತಕ್ಕೆ ಬಂದು, ಊರೂರು ಅಲೆದು, ಕಟ್ಟಡಗಳನ್ನು ಸ್ವತಃ ಚಿತ್ರಿಸಿಕೊಂಡವರು.

ಆ ಕಾಲದ ಕಾಗದದ ನೆಗೆಟಿವ್‌ಗಳಿಗೆ ಒಂದು ಮಿತಿ ಇತ್ತು. ಚಿತ್ರ ಮೂಡಲು ಬಹಳ ಹೊತ್ತು ಬೆಳಕು ಬೀಳಬೇಕಿತ್ತು. ಅಲುಗಾಡದ ಕಲ್ಲು ಸ್ಪಷ್ಟವಾಗಿ ಮೂಡುತ್ತಿತ್ತು. ನಡೆದಾಡುವ ಮನುಷ್ಯ, ಬಾಲ ಬೀಸುವ ಎತ್ತು ಮಸುಕಾಗುತ್ತಿದ್ದರು, ಇಲ್ಲವೆ ಮಾಯವೇ ಆಗುತ್ತಿದ್ದರು. ಹೀಗಾಗಿ ಆ ಚಿತ್ರಗಳಲ್ಲಿ ಜನ ಕಂಡರೆ, ಅವರು ಗುಡಿಯ ಎತ್ತರಕ್ಕೆ ಅಳತೆಗೋಲಾಗಿ ನಿಲ್ಲಿಸಲ್ಪಟ್ಟವರೇ ಹೆಚ್ಚು. ಗಿಜಿಗುಡುವ ಪೇಟೆಯನ್ನು ಹಿಡಿಯುವ ಶಕ್ತಿ ಅಂದಿನ ಕ್ಯಾಮೆರಾಕ್ಕೆ ಇರಲಿಲ್ಲ. ಆ ಶಕ್ತಿ ಇದ್ದದ್ದು ಚುರುಕಾದ ಕೈಗೆ ಮಾತ್ರ. ಆದರೆ ಆ ಕೈಗಳಿಗೆ ಸರಕಾರ ಕೊಟ್ಟ ಕೆಲಸ ಬೇರೆಯಾಗಿತ್ತು.

ಕ್ಯಾಮೆರಾ ಬಂದ ಮೇಲೆ ಪೆನ್ಸಿಲ್ಲಿನ ಕಾಲ ಮುಗಿಯಿತು ಎಂದುಕೊಂಡದ್ದೂ ಸುಳ್ಳಾಯಿತು. ಗುಡಿಯ ತಳವಿನ್ಯಾಸ, ಒಳಛಾವಣಿಯ ಜೋಡಣೆ, ಅಧಿಷ್ಠಾನದ ಪಟ್ಟಿಕೆಗಳ ಏರಿಳಿತ ಇವೆಲ್ಲ ಛಾಯಾಚಿತ್ರದಲ್ಲಿ ಸರಿಯಾಗಿ ಸಿಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಶ್ಚಿಮ ಭಾರತದ ಪುರಾತತ್ತ್ವ ಸರ್ವೇಕ್ಷಣೆಯ ಹೆನ್ರಿ ಕಸಿನ್ಸ್ ನಮ್ಮ ಭಾಗದಲ್ಲಿ ಸಂಚರಿಸಿದರು. ಅವರ ಇಲಾಖೆಯ ನಕ್ಷೆಗಾರರು ಅಳತೆಯ ಪಟ್ಟಿ, ಲಂಬಗುಂಡು, ಪೆನ್ಸಿಲ್ಲು ಹಿಡಿದು ಗುಡಿಯಿಂದ ಗುಡಿಗೆ ಹೋದರು. ಅದರ ಫಲವಾಗಿ 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತ ಅವರ ಗ್ರಂಥ ಹೊರಬಂತು. ಹಾವೇರಿಯ ಸಿದ್ಧೇಶ್ವರ, ಹಾನಗಲ್ಲಿನ ತಾರಕೇಶ್ವರ, ಗಳಗನಾಥ, ಚೌಡಯ್ಯದಾನಪುರ, ಬಂಕಾಪುರಗಳು ಅದರಲ್ಲಿವೆ. ಹೊದಿಕೆಯ ಮೇಲಿರುವುದು ಕಸಿನ್ಸರ ಹೆಸರು. ನಕ್ಷೆಗಳ ಹಿಂದೆ ಮಾತ್ರ ಮುಂಜಾನೆಯಿಂದ ಸಂಜೆಯವರೆಗೆ ಜೊತೆಜೊತೆಯಾಗಿ ಕುಳಿತು ಒಬ್ಬ ಅಳೆದು ಇನ್ನೊಬ್ಬ ಬರೆದ ಹಲವು ಕೈಗಳಿವೆ.

ಚಿತ್ರ ಬಿಡಿಸುವುದು ದಾಖಲೆ ಮಾತ್ರವಲ್ಲ, ತಿಳಿಯುವ ದಾರಿಯೂ ಹೌದು ಎಂಬುದಕ್ಕೆ ಈಚಿನ ನಿದರ್ಶನವೊಂದಿದೆ. ಬ್ರಿಟನ್ನಿನ ವಾಸ್ತುಶಿಲ್ಪಿ ಆ್ಯಡಂ ಹಾರ್ಡಿ ಕರ್ನಾಟ ದ್ರಾವಿಡ ಶೈಲಿಯ ಗುಡಿಗಳನ್ನು ಒಂದೊಂದಾಗಿ ಚಿತ್ರಿಸುತ್ತಾ ಹೋದರು. ಗೋಡೆಯ ಮೇಲಿನ ಪುಟ್ಟ ಗುಡಿಗಳು ಅಂಟಿಸಿದ ಅಲಂಕಾರವಲ್ಲ, ಒಂದರೊಳಗಿಂದ ಒಂದು ಹೊರಬರುತ್ತಿರುವಂತೆ ಅವನ್ನು ಕಲ್ಪಿಸಲಾಗಿದೆ ಎಂಬ ವಿವರಣೆಯನ್ನು 1995ರ ತಮ್ಮ ಗ್ರಂಥದಲ್ಲಿ ಮುಂದಿಟ್ಟರು. ಹೂವಿನ ಮೊಗ್ಗು ಬಿರಿದ ಹಾಗೆ ಗುಡಿ ಬಿರಿಯುತ್ತದೆ. ಸಿದ್ಧೇಶ್ವರನ ಗುಡಿಯ ಒಂದು ಮೂಲೆಯನ್ನು ಅರ್ಧ ಗಂಟೆ ಬಿಡಿಸಲು ಯತ್ನಿಸಿದವರಿಗೆ ಈ ಮಾತು ವಿವರಣೆಯಿಲ್ಲದೆಯೇ ಅರ್ಥವಾಗುತ್ತದೆ. ಕಣ್ಣು ಒಟ್ಟಾಗಿ ನೋಡಿ ಮುಂದೆ ಹೋಗುವುದನ್ನು ಕೈ ಬಿಡಿಬಿಡಿಯಾಗಿ ನೋಡಬೇಕಾಗುತ್ತದೆ.

ಡ್ರಾಯಿಂಗ್ ಮಾಸ್ತರರ ಪರಂಪರೆ

ಹೊರಗಿನವರು ಬಂದು ಬರೆದದ್ದು ಒಂದು ಕಥೆಯಾದರೆ, ನಮ್ಮವರೇ ಬರೆಯಲು ಕಲಿತದ್ದು ಇನ್ನೊಂದು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹಾವೇರಿ ಭಾಗ ಧಾರವಾಡ ಜಿಲ್ಲೆಯೊಂದಿಗೆ ಮುಂಬೈ ಆಡಳಿತದಲ್ಲಿತ್ತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹೀಗಾಗಿ ಇಲ್ಲಿಯ ಚಿತ್ರಕಲೆಯ ದಾರಿಗಳು ಬಹುಕಾಲ ಮೈಸೂರಿನ ಕಡೆಗಲ್ಲ, 1857ರಲ್ಲಿ ಆರಂಭವಾದ ಮುಂಬೈಯ ಸರ್ ಜೆ.ಜೆ. ಕಲಾಶಾಲೆಯ ಕಡೆಗೆ ಹೋಗುತ್ತಿದ್ದವು. ಅಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಕಲಾಶಾಲೆ ಕಟ್ಟಿದರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ ಬೆಳೆಯಿತು. ಹುಬ್ಬಳ್ಳಿಯಲ್ಲಿ ಎಂ.ವಿ. ಮಿಣಜಿಗಿಯವರು ಕಲಿಸಿದರು.

ಇಂಥ ಕಲಾಶಾಲೆಗಳಿಂದ ಹೊರಬಂದವರಲ್ಲಿ ಹಲವರು ಪ್ರಸಿದ್ಧ ಕಲಾವಿದರಾಗಲಿಲ್ಲ. ಹೈಸ್ಕೂಲುಗಳ ಡ್ರಾಯಿಂಗ್ ಮಾಸ್ತರರಾದರು. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ಕೂಡಿಸಿದರು. ಮೇಜಿನ ಮೇಲೆ ತಂಬಿಗೆ, ಬದನೆಕಾಯಿ, ಮಡಚಿದ ಬಟ್ಟೆ ಇಟ್ಟು ‘ಕಂಡಂತೆ ಬರೆಯಿರಿ’ ಎಂದರು. ಈ ಮಾತು ಕೇಳಲು ಸಣ್ಣದು. ಆದರೆ ತಂಬಿಗೆಯ ಬಾಯಿ ದುಂಡಗಿದೆ ಎಂದು ಗೊತ್ತಿರುವ ಹುಡುಗನಿಗೆ, ಕುಳಿತ ಕಡೆಯಿಂದ ಅದು ದುಂಡಗೆ ಕಾಣುವುದಿಲ್ಲ, ಮೊಟ್ಟೆಯಾಕಾರವಾಗಿ ಕಾಣುತ್ತದೆ ಎಂದು ತಿಳಿಸಿಕೊಟ್ಟದ್ದು ಆ ಪಾಠ. ಗೊತ್ತಿರುವುದು ಬೇರೆ, ಕಾಣುವುದು ಬೇರೆ. ಸ್ಕೆಚ್ ಕಲೆಯ ಅಡಿಗಲ್ಲು ಇಷ್ಟೇ.

ಅಡಿಗಲ್ಲಿನ ಮೇಲೆ ಕಟ್ಟಿದವರು ಕನ್ನಡದಲ್ಲಿ ಬೇಕಾದಷ್ಟು ಮಂದಿ. ಉಡುಪಿ ಸೀಮೆಯ ಕಟ್ಟಿಂಗೇರಿಯಿಂದ ಮುಂಬೈಗೆ ಹೋದ ಕೆ.ಕೆ. ಹೆಬ್ಬಾರರು ಕುಣಿಯುವ ಮೈಯನ್ನು ಕೆಲವೇ ಗೆರೆಗಳಲ್ಲಿ ಹಿಡಿದರು. ಸ್ವಾತಂತ್ರ್ಯ ಹೋರಾಟಗಾರರೂ ಪತ್ರಕರ್ತರೂ ಆಗಿದ್ದ ರುಮಾಲೆ ಚೆನ್ನಬಸವಯ್ಯನವರು ಬೆಂಗಳೂರಿನ ಬೀದಿಬದಿಯಲ್ಲಿ ನಿಂತು ಹೂಬಿಟ್ಟ ಮರಗಳನ್ನು ಚಿತ್ರಿಸಿದರು. ಇಂದು ಬೆಂಗಳೂರಿನ ಹಳೆಯ ಸಾಲುಮರಗಳನ್ನು ನೆನೆಯುವವರಿಗೆ ಆ ಚಿತ್ರಗಳು ಕಲೆಯಷ್ಟೇ ಅಲ್ಲ, ಸಾಕ್ಷಿಯೂ ಹೌದು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿದ್ಯಾರ್ಥಿಗಳ ಜೊತೆಗಿನ ಆ ಅಲೆದಾಟದ ಕಥೆಗೆ ಚಿತ್ರಗಳನ್ನು ಬಿಡಿಸಿದವರೂ ಅವರೇ.

ಪ್ರದರ್ಶನದ ಅಂಚಿನಲ್ಲಿ

ಚಿತ್ರಪ್ರದರ್ಶನಕ್ಕೆ ಹೋಗಿ ಅಲ್ಲಿಯೇ ಚಿತ್ರ ಬಿಡಿಸುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಇದಕ್ಕೂ ಹಳೆಯ ಪರಂಪರೆ ಇದೆ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯ 1793ರಲ್ಲಿ ತೆರೆದಾಗ ಕೆಲವು ದಿನಗಳನ್ನು ಅಲ್ಲಿ ಕುಳಿತು ನಕಲು ಮಾಡುವ ಕಲಾವಿದರಿಗೆಂದೇ ಮೀಸಲಿಟ್ಟಿದ್ದರು. ಅದಕ್ಕೂ ಮುಂಚೆ ಅದೇ ಊರಿನಲ್ಲಿ ಗಾಬ್ರಿಯೆಲ್ ದ ಸೇಂತ್ ಓಬಾಂ ಎಂಬ ಚಿತ್ರಕಾರನಿದ್ದ. ಪ್ರದರ್ಶನಗಳಿಗೆ ಹೋದಾಗ ಕೈಯಲ್ಲಿದ್ದ ಪಟ್ಟಿಯ ಅಂಚಿನಲ್ಲೇ ಗೋಡೆಯ ಮೇಲಿನ ಚಿತ್ರಗಳನ್ನು ಬೆರಳುಗುರಿನಷ್ಟು ಚಿಕ್ಕದಾಗಿ ಬರೆದುಕೊಳ್ಳುವ ಗೀಳು ಅವನದು. ಅಂದು ಅದು ಹುಚ್ಚಾಟವಾಗಿ ಕಂಡಿರಬಹುದು. ಇನ್ನೂರೈವತ್ತು ವರ್ಷಗಳ ನಂತರ, ಯಾವ ಪ್ರದರ್ಶನದಲ್ಲಿ ಏನಿತ್ತು, ಕಳೆದುಹೋದ ಚಿತ್ರ ಹೇಗಿತ್ತು ಎಂದು ತಿಳಿಯಲು ಇತಿಹಾಸಕಾರರು ಮೊದಲು ತೆರೆಯುವುದು ಅವನ ಆ ಅಂಚುಗಳನ್ನೇ.

ನಮ್ಮಲ್ಲಿ ಪ್ರದರ್ಶನದ ಜಾಗಗಳೇ ಬೇರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯೇ ಗ್ಯಾಲರಿಯಾಗುತ್ತದೆ. ಬಂದವರ ಮುಖವನ್ನು ಕೆಲವೇ ನಿಮಿಷಗಳಲ್ಲಿ ಬರೆದುಕೊಡುವ ಕಲಾವಿದರ ಸುತ್ತ ಜನ ಮುತ್ತಿರುತ್ತಾರೆ. ಹಾವೇರಿಯಂಥ ಜಿಲ್ಲೆಯಲ್ಲಿ ಪ್ರದರ್ಶನವೆಂದರೆ ಬಹುಮಟ್ಟಿಗೆ ಶಾಲೆಯ ಸಭಾಂಗಣ, ಇಲ್ಲವೆ ಸಮ್ಮೇಳನದ ಪೆಂಡಾಲು. ಆದರೆ ಜಿಲ್ಲೆಗೆ ಒಂದು ಶಾಶ್ವತ ಪ್ರದರ್ಶನವೂ ಇದೆ. ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಅದು. ಹೊಲ, ಮನೆ, ಕಸುಬುಗಳ ಹಳ್ಳಿಯ ಬದುಕನ್ನು ಅಲ್ಲಿ ಆಳೆತ್ತರದ ಪ್ರತಿಮೆಗಳಲ್ಲಿ ನಿಲ್ಲಿಸಲಾಗಿದೆ. ಚಿತ್ರ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಅಪರೂಪ. ಪ್ರತಿಮೆಗಳು ಅಲುಗಾಡುವುದಿಲ್ಲ, ಎಷ್ಟು ಹೊತ್ತು ನೋಡಿದರೂ ಬೇಸರಿಸುವುದಿಲ್ಲ. ಅಲ್ಲಿ ಕೈ ಪಳಗಿದ ಮೇಲೆ ನಿಜವಾದ ಹಳ್ಳಿಗೆ ಹೋಗಬಹುದು.

ಮೂರು ಊರು, ಮೂರು ಪಾಠ

ಜಗತ್ತಿನ ಇತರ ಕಡೆ ಈಗ ಇದೊಂದು ಚಳವಳಿಯೇ ಆಗಿದೆ. ಅಮೆರಿಕದಲ್ಲಿ ಚಲನಚಿತ್ರ ಕಲಾವಿದ ಎನ್ರಿಕೋ ಕಸರೋಸಾ 2004ರಲ್ಲಿ ‘ಸ್ಕೆಚ್‌ಕ್ರಾಲ್’ ಎಂಬ ಹೆಸರಿನಲ್ಲಿ ದಿನವಿಡೀ ಊರು ಸುತ್ತಿ ಚಿತ್ರ ಬಿಡಿಸುವ ಪದ್ಧತಿ ಆರಂಭಿಸಿದರು. ಸಿಯಾಟಲ್‌ನಲ್ಲಿ ನೆಲೆಸಿದ ಸ್ಪೇನ್ ಮೂಲದ ಪತ್ರಿಕಾ ಚಿತ್ರಕಾರ ಗಾಬ್ರಿಯೆಲ್ ಕಂಪನಾರಿಯೊ 2007ರಲ್ಲಿ ‘ಅರ್ಬನ್ ಸ್ಕೆಚರ್ಸ್’ ಬಳಗಕ್ಕೆ ನಾಂದಿ ಹಾಡಿದರು. ಅವರ ನಿಯಮಗಳು ಕೆಲವೇ: ಸ್ಥಳದಲ್ಲೇ ಬರೆಯಬೇಕು, ಕಂಡದ್ದಕ್ಕೆ ನಿಷ್ಠರಾಗಿರಬೇಕು, ಜೊತೆಯಾಗಿ ಬರೆಯಬೇಕು. ಬೆಂಗಳೂರಿನಲ್ಲೂ ಇಂಥ ಬಳಗಗಳಿವೆ.

ಈ ನಿಯಮಗಳನ್ನು ನಮ್ಮ ಮೂರು ಊರುಗಳಿಗೆ ಹಚ್ಚಿ ನೋಡೋಣ. ಹಾವೇರಿಯಲ್ಲಿ ಕಲಿಯಬೇಕಾದದ್ದು ನೆರಳು. ಗುಡಿಯ ಮುಖ ಪಡುವಣಕ್ಕಿರುವುದರಿಂದ ಮುಂಭಾಗಕ್ಕೆ ಬಿಸಿಲು ಬೀಳುವುದು ಮಧ್ಯಾಹ್ನದ ಮೇಲೆ. ಇಳಿಹೊತ್ತಿನ ಓರೆ ಬೆಳಕಿನಲ್ಲಿ ಪ್ರತಿ ಪಟ್ಟಿಕೆಯೂ ತನ್ನ ನೆರಳನ್ನು ಚೆಲ್ಲುತ್ತದೆ. ಬೆಳಿಗ್ಗೆ ಒಂದೇ ಸಮನೆ ಬೂದಾಗಿ ಕಂಡ ಕಲ್ಲು ಸಂಜೆಗೆ ಎದ್ದು ಬರುತ್ತದೆ.

ಬ್ಯಾಡಗಿಯ ಪಾಠ ಬಣ್ಣದ್ದು ಮತ್ತು ಜನರದ್ದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಖಾರ ಕಡಿಮೆ, ಬಣ್ಣ ಹೆಚ್ಚು. ಅದರಿಂದ ತೆಗೆದ ಕೆಂಪು, ಆಹಾರಕ್ಕಷ್ಟೇ ಅಲ್ಲ, ತುಟಿಗೆ ಹಚ್ಚುವ ಬಣ್ಣದ ತಯಾರಿಕೆಗೂ ಹೋಗುತ್ತದೆ. ಅದರ ಇನ್ನೊಂದು ಗುರುತು ಸಿಪ್ಪೆಯ ಮೇಲಿನ ಸುಕ್ಕು. ಪೇಟೆಯ ವ್ಯಾಪಾರಿ ಒಂದು ಹಿಡಿ ಎತ್ತಿ, ಬಣ್ಣ ನೋಡಿ, ಸುಕ್ಕು ನೋಡಿ ದರ್ಜೆ ಹೇಳುತ್ತಾನೆ. ಚಿತ್ರಕಾರನ ಬದುಕೂ ಕಣ್ಣಿನ ಮೇಲೆಯೇ ನಿಂತದ್ದು. ಆದರೆ ಕೆಂಪು ರಾಶಿಯ ಚೆಲುವಿಗೆ ಮರುಳಾಗಿ ಅದರ ಪಕ್ಕ ಕುಳಿತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳನ್ನು ಬಿಟ್ಟರೆ ಚಿತ್ರ ಅರ್ಧವಾಗುತ್ತದೆ. ಘಾಟು ತಡೆಯಲು ಸೆರಗನ್ನು ಮೂಗಿಗೆ ಸುತ್ತಿದ ಬಗೆ, ಕುಳಿತ ಭಂಗಿ, ಬೆರಳಿನ ಓಟ ಇವೇ ನಿಜವಾದ ದಾಖಲೆ. ಕ್ಯಾಮೆರಾ ಎತ್ತಿದೊಡನೆ ಅವರು ಕೆಲಸ ನಿಲ್ಲಿಸಿ ನೇರವಾಗಿ ಕುಳಿತುಕೊಳ್ಳುತ್ತಾರೆ. ಪೆನ್ಸಿಲ್ಲು ಹಿಡಿದು ಪಕ್ಕದಲ್ಲಿ ಕುಳಿತವನನ್ನು ಸ್ವಲ್ಪ ಹೊತ್ತಿಗೆ ಮರೆತೇಬಿಡುತ್ತಾರೆ, ಇಲ್ಲವೆ ‘ನನ್ನ ಮೂಗು ಇಷ್ಟ ಉದ್ದ ಐತೇನ್ರಿ?’ ಎಂದು ಕೇಳುತ್ತಾರೆ.

ರಾಣೆಬೆನ್ನೂರಿನ ಪಾಠ ಚಲನೆ. ಇಲ್ಲಿಯ ಕೃಷ್ಣಮೃಗ ಧಾಮ 1974ರಲ್ಲಿ ಘೋಷಿತವಾದದ್ದು. ವಿಸ್ತೀರ್ಣ 119 ಚದರ ಕಿಲೋಮೀಟರು. ನಮ್ಮ ಜನ ಚಿಗರಿ ಎಂದು ಕರೆಯುವ ಈ ಪ್ರಾಣಿ ಚಿತ್ರಕಾರನಿಗಾಗಿ ನಿಲ್ಲುವುದಿಲ್ಲ. ಒಂದು ಜಿಗಿತವನ್ನು ಕಣ್ಣಿನಲ್ಲಿ ಹಿಡಿದು, ಕಣ್ಣು ಮುಚ್ಚಿ ನೆನೆದು, ಎರಡೇ ಗೆರೆಯಲ್ಲಿ ಇಳಿಸಬೇಕು. ಶಾಲೆಯ ಪರೀಕ್ಷೆಯಲ್ಲಿ ಸ್ಮೃತಿಚಿತ್ರ ಎಂಬ ವಿಷಯ ಯಾಕಿತ್ತು ಎಂಬುದು ಇಲ್ಲಿ ತಿಳಿಯುತ್ತದೆ. ದೀಪಾವಳಿಯ ಸುಮಾರಿಗೆ ಈ ಸೀಮೆಯ ಹಳ್ಳಿಗಳಲ್ಲಿ ಕೊಬ್ಬರಿ, ಬಲೂನು ಕಟ್ಟಿ ಓಡಿಸುವ ಹೋರಿಗಳದೂ ಇದೇ ಪಾಠ, ದೂರ ನಿಂತು ಕಲಿತರೆ ಒಳ್ಳೆಯದು. ಶಾಂತವಾಗಿ ಕುಳಿತು ಬರೆಯಬೇಕೆನ್ನುವವರಿಗೆ ಅದೇ ತಾಲ್ಲೂಕಿನ ಚೌಡಯ್ಯದಾನಪುರವಿದೆ. ತುಂಗಭದ್ರೆಯ ದಡದ ಆ ಮುಕ್ತೇಶ್ವರ ಗುಡಿಯ ಬಗೆಗೆ ವಸುಂಧರಾ ಮತ್ತು ಪಿಯರ್ ಸಿಲ್ವಾಂ ಫಿಲಿಯೋಜಾ ದಂಪತಿಗಳು ಒಂದು ಇಡೀ ಗ್ರಂಥವನ್ನೇ ಬರೆದಿದ್ದಾರೆ.

ಜೊತೆ ಏಕೆ ಬೇಕು?

ಚಿತ್ರ ಬಿಡಿಸುವುದು ಒಬ್ಬಂಟಿ ಕೆಲಸವೆಂಬ ಭಾವನೆ ಇದೆ. ಸಣ್ಣ ಊರಿನ ಪೇಟೆಯಲ್ಲಿ ಅದು ಅಷ್ಟು ಸುಲಭವಲ್ಲ. ಒಬ್ಬರೇ ಕುಳಿತು ಅಂಗಡಿಸಾಲಿನ ಕಡೆ ನೋಡುತ್ತಾ ಕಾಗದದ ಮೇಲೆ ಗೆರೆ ಎಳೆಯತೊಡಗಿದರೆ ಮೊದಲು ಬರುವ ಪ್ರಶ್ನೆ, ‘ರಸ್ತಾ ಅಗಲ ಮಾಡಾಕ ಅಳತಿ ತಗೊಳ್ಳಾಕ ಬಂದೀರೇನ್ರಿ?’ ಗೆರೆ ಎಳೆಯುವವನೆಂದರೆ ಸರಕಾರದವನು ಎಂಬ ನಂಬಿಕೆ ಕಂಪನಿಯ ಕಾಲದಿಂದ ಬಂದದ್ದೇ ಇರಬೇಕು! ನಾಲ್ಕಾರು ಜನ, ಅವರಲ್ಲಿ ಇಬ್ಬರು ಶಾಲೆಯ ಮಕ್ಕಳು ಇದ್ದರೆ ಅನುಮಾನ ಕರಗಿ ಚಹಾ ಬರುತ್ತದೆ. ಜೊತೆಯ ಇನ್ನೊಂದು ಲಾಭ ದೊಡ್ಡದು. ಒಂದೇ ಕಟ್ಟೆಯನ್ನು ಐವರು ಬರೆದರೆ ಒಬ್ಬ ಬಾಗಿಲನ್ನೂ, ಒಬ್ಬ ಹಂಚನ್ನೂ, ಒಬ್ಬಳು ಕಟ್ಟೆಯ ಮೇಲಿನ ಮುದುಕನನ್ನೂ ಹಿಡಿದಿರುತ್ತಾರೆ. ಕೊನೆಗೆ ಪುಸ್ತಕಗಳನ್ನು ಸಾಲಾಗಿಟ್ಟು ನೋಡಿದಾಗ ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರಲ್ಲಿ ಸಿಗುತ್ತದೆ.

ಈಗ ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇರುವಾಗ ಈ ಶ್ರಮವೇಕೆ ಎನ್ನಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಫೋನಿನಲ್ಲಿ ತೆಗೆದ ಸಾವಿರ ಚಿತ್ರಗಳಲ್ಲಿ ಬಹುಪಾಲು ನಮ್ಮ ಮುಖ, ನಮ್ಮ ಊಟ. ಹಿನ್ನೆಲೆಯಲ್ಲಿ ಮಸುಕಾಗಿ ನಿಂತ ಅಂಗಡಿಯ ಬಾಗಿಲು ಯಾವ ಮರದ್ದು ಎಂದು ತೆಗೆದವರಿಗೂ ತಿಳಿದಿರುವುದಿಲ್ಲ. ಅದನ್ನು ಬರೆದವನು ಕನಿಷ್ಠ ಇಪ್ಪತ್ತು ನಿಮಿಷ ನೋಡಿರುತ್ತಾನೆ, ಕೇಳಿರುತ್ತಾನೆ. ಊರು ಬೆಳೆಯಬೇಕು, ರಸ್ತೆ ಅಗಲವಾಗಬೇಕು, ಅದನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಆದರೆ ರಸ್ತೆ ಅಗಲವಾದಾಗ ಮೊದಲು ಹೋಗುವುದು ಮನೆಯ ಮುಂದಿನ ಕಟ್ಟೆ. ಗುಡಿಯನ್ನು ಕಾಯಲು ಪುರಾತತ್ತ್ವ ಇಲಾಖೆ ಇದೆ, ಕಸಿನ್ಸರ ನಕ್ಷೆಗಳಿವೆ. ಕಟ್ಟೆಗೆ ಯಾರೂ ಇಲ್ಲ.

ಬೇಕಾದ ಸಾಮಗ್ರಿ ಹೆಚ್ಚಿನದಲ್ಲ. ಒಂದು ಗೆರೆಯಿಲ್ಲದ ನೋಟುಪುಸ್ತಕ, ಒಂದು ಪೆನ್ಸಿಲ್ಲು, ಎರಡು ಗಂಟೆ ಹೊತ್ತು, ಮೂರು ಜನ ಗೆಳೆಯರು. ಚಿತ್ರ ಚೆನ್ನಾಗಿ ಬರದಿದ್ದರೂ ಚಿಂತೆಯಿಲ್ಲ. ಸೇಂತ್ ಓಬಾಂ ಬರೆದ ಅಂಚುಗಳು ಇಂದು ಬೆಲೆಬಾಳುವುದು ಅಂದದಿಂದ ಮಾತ್ರವಲ್ಲ, ಅವನು ಅಲ್ಲಿದ್ದ ಎಂಬ ಕಾರಣದಿಂದಲೂ ಹೌದು. ಬರೆದಾದ ಮೇಲೆ ಕೆಳಗೆ ಮೂರು ಮಾತು ಸೇರಿಸುವುದನ್ನು ಮಾತ್ರ ಮರೆಯಬಾರದು: ಯಾವ ಊರು, ಯಾವ ಓಣಿ, ಯಾವ ದಿನ.